ಅತ್ತೆಯ ಹೆಸರಿನ ಪದ್ಯ

ಪೇಟೆಯ ಮೂಲೆಯಲ್ಲಿ ಕಪ್ಪು ಬಟ್ಟೆ ಕಟ್ಟಿದಾಗ ಸಾವಿನ ಸುದ್ದಿ ಊರಿಗೆ ತಿಳಿಯಿತು. ಸತ್ತವರು ಯಾರೆಂದು ಮಾತ್ರ ತಿಳಿಯಲಿಲ್ಲ. ಬಟ್ಟೆಯ ಮೇಲೆ 'ಹಾಜಿ ಸಗ್ಬಾನರ ಅಕ್ಕ ತೀರಿಕೊಂಡರು' ಎಂದಷ್ಟೇ ಬರೆದಿತ್ತು. ಹೆಂಗಸಿನ ಹೆಸರನ್ನು ಬೀದಿಯಲ್ಲಿ ಬರೆಯುವುದುಂಟೇ? ಹಾಜಿಗೆ ಅಕ್ಕಂದಿರು ಇಬ್ಬರು. ಅರ್ಧ ಊರು ಅಳುತ್ತ ಹಿರಿಯಕ್ಕನ ಮನೆಗೆ ಹೋಯಿತು. ಆಕೆಯೇ ಬಾಗಿಲು ತೆರೆದು, "ಯಾರು ಹೋದ್ರಂತೆ?" ಎಂದಳು.

ಹೋದವಳು ಕಿರಿಯಕ್ಕ ನಷ್ಮಿಯಾ. ಮೇಷ್ಟ್ರು ಮುಹೈಸಿನ್‌ಗೆ ಸೋದರತ್ತೆ. ಅವನನ್ನು ಸಾಕಿ, ರೊಟ್ಟಿ ಸುಡುತ್ತ ಪದ್ಯ ಕಟ್ಟುವುದನ್ನು ಕಲಿಸಿದವಳು. "ನಾ ಹೋದ ದಿನ ಗಂಡಸರ ಮುಂದೆ ನನ್ನ ಹೆಸರು ಹೇಳಿ ಪದ್ಯ ಓದೋ" ಎಂದಿದ್ದಳು. ಅವನು ಮಾತು ಕೊಟ್ಟಿದ್ದ.

ಸಂಜೆ ಗಂಡಸರು ಸೇರುವ ಜೊಂಡಿನ ಚಾವಡಿಯಲ್ಲಿ ಓದಬೇಕಿತ್ತು. ಬೆಳಿಗ್ಗೆಯೇ ಹಾಜಿ ಹಾಜರಾದರು.

"ಅಯ್ಯೋ, ಹೆಸರು ಬೇಡ ಮಾರಾಯ! ನಾಲ್ಕು ಬುಡಕಟ್ಟಿನೋರು ಬರ್ತಾರೆ. 'ಸಗ್ಬಾನನ ಅಕ್ಕ' ಅನ್ನು."

"ಅತ್ತೆಗೆ ಮಾತು ಕೊಟ್ಟಿದೀನಿ, ಚಿಕ್ಕಪ್ಪ."

"ನನ್ನ ಹೆಸರು ಹೇಳಿದ್ರೆ ಅವಳದ್ದು ಹೇಳಿದ ಹಾಗೇ ಅಲ್ವೇನೋ?"

ಮಧ್ಯಾಹ್ನ ದೊಡ್ಡಪ್ಪನ ಮಗ ಜಾಸಿಬ್ ಬಂದ. "ನಮ್ಮನೇಲಿ ಯಾರು ಸತ್ರೂ ಅಜ್ಜನ ಕುದುರೆ ಇಲ್ದೆ ಪದ್ಯ ಓದಿದ್ದುಂಟೇನೋ? ಸೇರಿಸು!" ಕುದುರೆಯ ಹಿಂದೆ ಅಜ್ಜನ ಕತ್ತಿ, ಕತ್ತಿಯ ಹಿಂದೆ ಮನೆತನದ ಕಾಫಿ ಹೂಜಿ ಬಂದವು. ಕೊನೆಗೆ ಪದ್ಯವು, ನೆಂಟರೆಲ್ಲ ಹತ್ತಿ ಮದುಮಗಳಿಗೇ ಜಾಗವಿಲ್ಲದ ದಿಬ್ಬಣದ ದೋಣಿಯಂತಾಯಿತು.

ಸಂಜೆ ಅವನು ಎದ್ದು ನಿಂತ. ಹೆಸರು ತುಟಿಯವರೆಗೆ ಬಂತು. ಹಾಜಿ ಕೆಮ್ಮಿದರು. ಹೆಸರು ಗಂಟಲಿಗೆ ಮರಳಿ, ಕುದುರೆ ಹೊರಬಂತು. "ಭಲೇ ಕುದುರೆ!" ಎಂದರು ಸಭಿಕರು.

ಆಗ ಜೊಂಡಿನ ಗೋಡೆಯಾಚೆ ಹೆಂಗಸರು ಎದೆ ಬಡಿದುಕೊಳ್ಳುತ್ತ ಹಾಡತೊಡಗಿದರು:

"ನಾನು ನಷ್ಮಿಯಾ, ನೀರಿನ ಮಗಳು,
ಜೊಂಡಿಗೂ ಗೊತ್ತು ನನ್ನ ಹೆಸರು;
ನಾ ಸಾಕಿದ ಹುಡುಗ ನನಗೆಂದು ನಿಂತು
ಕುದುರೆಗೆ ಅಳುವನು, ನಗದಿರಿ ಯಾರೂ."

ಬದುಕಿದ್ದಾಗಲೇ ತನ್ನ ಸಾವಿಗೆ ತಾನೇ ಪದ್ಯ ಕಟ್ಟಿ, ಹೆಂಗಸರಿಗೆಲ್ಲ ಬಾಯಿಪಾಠ ಮಾಡಿಸಿ ಹೋಗಿದ್ದಳು ಅತ್ತೆ! ಮುಹೈಸಿನ್‌ನ ಮುಖ ಕೆಂಪಾಯಿತು. ಎದೆ ಮಾತ್ರ ಹೆಮ್ಮೆಯಿಂದ ಉಬ್ಬಿತು.

ಪರವೂರಿನ ಮುಖಂಡರೊಬ್ಬರು ಕಣ್ಣೊರೆಸಿಕೊಂಡರು. "ಹಾಜಿ, ನಿಮ್ಮ ಹುಡುಗ ಕಿಲಾಡಿ! ಕುದುರೆ ತೋರಿಸಿ ನಮ್ಮನ್ನ ಬೇಸ್ತು ಬೀಳಿಸಿ, ಒಳ್ಳೇ ಪದ್ಯಾನ ಹೆಂಗಸರ ಕೈಲಿ ಹಾಡಿಸಿದ!"

ಸಿಟ್ಟಾಗಬೇಕೆಂದಿದ್ದ ಹಾಜಿ ಮೀಸೆ ತಿರುವಿದರು. "ನಮ್ಮ ರಕ್ತ ಅಲ್ವೇ!"

"ಅಲ್ಲ, ಅದನ್ನ ಕಟ್ಟಿದ್ದು ಅತ್ತೆ!" ಎಂದು ಮುಹೈಸಿನ್ ಕೂಗಿದ.

"ಆಹಾ, ಎಂಥ ವಿನಯ! ಪದ್ಯದಲ್ಲಿ ತನ್ನನ್ನೇ ಹೇಗೆ ಆಡ್ಕೊಂಡಿದಾನೆ ನೋಡಿ!" ಎಂದರು ಸಭಿಕರು. ಅವನು ಅಲ್ಲವೆಂದಷ್ಟೂ ಹೊಗಳಿಕೆ ಹೆಚ್ಚಿತು. ಬೇಸಿಗೆಯ ಸೆಕೆಯಲ್ಲೇ ಆ ಮುಖಂಡರು ತಮ್ಮ ಉಣ್ಣೆಯ ನಿಲುವಂಗಿಯನ್ನೇ ಬಿಚ್ಚಿ ಅವನಿಗೆ ಹೊದಿಸಿ, "ನಾನು ಸತ್ತಾಗ ಇದಕ್ಕಿಂತ ಚೆನ್ನಾಗಿರೋ ಪದ್ಯ ಬೇಕು" ಎಂದರು.

"ಪ್ರಾರ್ಥನೇನೂ ನೀನೇ ಮಾಡಪ್ಪ" ಎಂದರು ಹಾಜಿ.

ಬೆವರುತ್ತ ಅವನು ಕೈಯೆತ್ತಿದ. ಪ್ರಾರ್ಥನೆಯ ನಡುವೆ ಬೇಕೆಂದೇ ಕೆಮ್ಮುವ ಧೈರ್ಯ ಹಾಜಿಗೂ ಇರಲಿಲ್ಲ.

"ದೇವರೇ, ನಷ್ಮಿಯಾ ಬರ್ತಿದ್ದಾಳೆ. ಪದ್ಯ ಅವಳದ್ದೇ. ಹೆಸರು ಹಿಡಿದು ಒಳಗೆ ಕರಿ, ಒಡೆಯಾ. ನಷ್ಮಿಯಾಗೆ ಶಾಂತಿ ಕೊಡು."

"ಆಮೀನ್" ಎಂದಿತು ಚಾವಡಿ.