ಪ್ಲೈವುಡ್ ನೌಕೆಯ ಕ್ಯಾಪ್ಟನ್ ಕೋಣೆ

ನೌಕೆ ಪೆನುಕೊಂಡ ದಾಟುವ ಮೊದಲೇ ಗಾಡಿಯಿಂದ ಜಾರಿ ಬೀಳಬಹುದಿತ್ತು. ಮಳೆ ಬಂದು ಬಣ್ಣವೆಲ್ಲ ಇಳಿದುಹೋಗಬಹುದಿತ್ತು. ವೇದಿಕೆಯ ಮೇಲೆ ಚಕ್ರ ಕಚ್ಚಿಕೊಳ್ಳಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋಗದೆಯೂ ಕ್ಯಾಪ್ಟನ್ನಿಗೆ ಶಾಕ್ ಹೊಡೆಯಬಹುದಿತ್ತು. ಎರಡು ಹೋಳಾಗಬೇಕಾದದ್ದು ಮೂರು ಹೋಳಾಗಬಹುದಿತ್ತು. ಆಗಬಹುದಾದ ಅನಾಹುತಗಳನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಳ್ಳುವುದು ನನ್ನ ಸ್ವಭಾವ. ಊಟಕ್ಕೆ ಕೂತರೆ, ಬಿಕ್ಕಳಿಕೆ ಬಂದೀತೆಂದು ನೀರನ್ನೇ ಮೊದಲು ಕುಡಿದುಬಿಡುತ್ತೇನೆ.

ಹಿಂದೂಪುರದಲ್ಲಿ ನನ್ನದೊಂದು ಮರಗೆಲಸದ ಅಂಗಡಿಯಿದೆ. ಇಪ್ಪತ್ತೈದು ವರ್ಷಗಳಿಂದ ಮಾಡಿದ್ದು ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ದೇವರ ಮಂಟಪ, ಅಷ್ಟೆ. ಕಲ್ಯಾಣದುರ್ಗದಲ್ಲಿ ಸೈನ್ಸ್ ಟೀಚರಾಗಿರುವ ನನ್ನಕ್ಕ ಸುಶೀಲಮ್ಮನಿಗೆ ಈ ವರ್ಷ ನಿವೃತ್ತಿ. ಅಷ್ಟರೊಳಗೆ ತಾನು ಬರೆದ ನಾಟಕವನ್ನು ಮೇಷ್ಟ್ರುಗಳಿಂದಲೇ ಆಡಿಸಬೇಕೆಂಬ ಹಟ ಅವಳದು. ಅದರಲ್ಲೊಂದು ಅಂತರಿಕ್ಷ ನೌಕೆ. ಅಪಾಯ ಬಂದಾಗ ನಡುವೆ ಕಳಚಿಕೊಂಡು ಎರಡಾಗುತ್ತದೆ. ಇದೆಲ್ಲ ಆಗದ ಮಾತೆಂದು ಸ್ಟಾಫ್ ರೂಮಿನವರು ನಕ್ಕರಂತೆ. "ನನ್ ತಮ್ಮ ಮಾಡ್ತಾನೆ ಅಂದ್ಬುಟ್ಟಿದೀನಿ ಕಣ್ಲಾ, ಮಾನ ಉಳ್ಸು" ಎಂದಳು. ಅಕ್ಕ ನನ್ನನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ, ಅದೂ ನಾನಿಲ್ಲದಾಗ.

ಕ್ಯಾಪ್ಟನ್ ಕೂತು ನೌಕೆ ನಡೆಸುವ ಕೋಣೆಯ ನಕ್ಷೆ ಬರೆದು ತೋರಿಸಿದೆ. ಅಕ್ಕ ಕನ್ನಡಕ ಏರಿಸಿ ನೋಡಿದಳು. "ಚೆನ್ನಾಗೈತೆ. ಒಲೆ ಎಲ್ಲಿಡ್ತೀಯ?"

ನೋಡಿದರೆ ನಿಜವೇ. ಗುಂಡಿಗಳ ಮೇಜಿನ ಕೆಳಗೆ ಆರು ಡ್ರಾಯರು, ಪಕ್ಕದಲ್ಲಿ ಸಿಲಿಂಡರಿಗೆ ಜಾಗ, ಮೇಲೊಂದು ಚಿಮಣಿ. ಕೈ ತನ್ನ ಪಾಡಿಗೆ ಬರೆದುಬಿಟ್ಟಿತ್ತು.

ತಿದ್ದಿದೆ. ಕ್ಯಾಪ್ಟನ್ ಪಾತ್ರದ ಗಣಿತದ ನಂಜುಂಡಪ್ಪ ಮೇಷ್ಟ್ರು ಫೋನ್ ಮಾಡಿದರು. "ನೋಡಪ್ಪಾ, ನನ್ ಕುರ್ಚಿ ಪೂರ್ವಕ್ಕಿರ್ಬೇಕು."

"ಸಾರ್, ನೌಕೆ ತಿರುಗಿದ್ರೆ?"

"ನಿಧಾನಕ್ಕೆ ತಿರುಗ್ಸು."

ಕಳಚಿ ಹಿಂದುಳಿಯುವ ಅರ್ಧಕ್ಕೂ ನಾನೊಂದು ಬೆಂಚು ಹಾಕಿದ್ದೆ. "ಅಲ್ಲಿ ಯಾರೂ ಇರಲ್ಲ ಕಣ್ಲಾ!" ಎಂದಳು ಅಕ್ಕ. "ಯಾರಾದ್ರೂ ಉಳ್ಕಂಡ್ರೆ ಅಂತ ಕಣಕ್ಕಾ" ಎಂದೆ. ಕೊನೆಗೆ ಆ ಬೆಂಚಿನ ಮೇಲೆ ಕೂತವನು ನಾನೇ. ಆ ಅರ್ಧವನ್ನು ಒಳಗಿನಿಂದ ತಳ್ಳಲು ಒಬ್ಬರು ಬೇಕಿತ್ತು.

ಆಟದ ಸಂಜೆ ನಂಜುಂಡಪ್ಪ ಮೇಷ್ಟ್ರು, ಹೊಸ ಕಾರಿಗೆ ಮಾಡುವ ಹಾಗೆ, ನೌಕೆಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆದರು. ಪರದೆ ಎದ್ದಿತು. ಅಪಾಯದ ಗಂಟೆ ಹೊಡೆಯಿತು. ನಾನು ಚಿಲಕ ಎಳೆದು, ತಳ್ಳಿದೆ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ನೌಕೆ ಎರಡಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಜ್ಜಿಯೊಬ್ಬಳ ದನಿ: "ಅಯ್ಯೋ, ಚೆಪ್ಪುಲು ಅಲ್ಲೇ ಬಿಟ್ಬುಟ್ರಲ್ಲಮ್ಮಾ!"

ಇಣುಕಿದೆ. ಎರಡು ಹೋಳುಗಳ ನಡುವೆ, ಕಪ್ಪು ಬಟ್ಟೆ ಹಾಸಿದ ಅಂತರಿಕ್ಷದಲ್ಲಿ, ಆರು ಜೊತೆ ಚಪ್ಪಲಿ ಸಾಲಾಗಿ ನಿಂತಿದ್ದವು. ಪೂಜೆಯಾದ ಜಾಗವೆಂದು ಕ್ಯಾಪ್ಟನ್ ಸಮೇತ ಎಲ್ಲ ಮೇಷ್ಟ್ರುಗಳೂ ಹೋಳುಗಳು ಕೂಡುವ ಕಡೆಯಿದ್ದ ಬಾಗಿಲಲ್ಲಿ ಬಿಟ್ಟೇ ಒಳಗೆ ಹೋಗಿದ್ದರು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕ್ಯಾಪ್ಟನ್ ಮಾತ್ರ ಬರಿಗಾಲಲ್ಲಿ ಅಂಚಿಗೆ ಬಂದು ಗಂಭೀರವಾಗಿ ಹೇಳಿದರು: "ವಾಪಸ್ ಬರೋವಾಗ ಹಾಕ್ಕಳಾಣ, ನಡೀರಿ."

ಸ್ಟಾಫ್ ರೂಮಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೇಷ್ಟ್ರುಗಳು ಐದೇ ಜನ. ಮೊದ್ಲು ಬಿಟ್ಟು ಇವ್ರಿಗೆಲ್ಲ ದಾರಿ ತೋರ್ಸಿದ್ದು ಯಾರ್ಲಾ?" ಎಂದಳು.

ನಾನು ನನ್ನ ಬರಿಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.