ಮೂರನೇ ಸಲದ ಸಾಕು

ದಾವಣಗೆರೆಗೆ ನೆಂಟರು ಬಂದರೆ ನಮ್ಮ ಕೈ ಸುಮ್ಮನಿರುವುದಿಲ್ಲ, ಬಂದವರ ಹೊಟ್ಟೆಗೆ ಸುಖವಿರುವುದಿಲ್ಲ. ನಮ್ಮ ಮನೆಯಲ್ಲಂತೂ ಇಂಥದ್ದೇನಾದರೂ ಆಗುತ್ತಲೇ ಇರುತ್ತದೆ. ಆದರೆ ಮೊನ್ನೆ ಬಂದವರು ಬರೀ ನೆಂಟರಲ್ಲ, ನನ್ನ ಮಗಳು ಮೆಚ್ಚಿದ ಹುಡುಗನ ತಂದೆ-ತಾಯಿ. ಮೈಸೂರಿನವರು. ನಿಮ್ಮೂರಿನ ದೋಸೆ ತಿನ್ನೋಣ, ಹರಿಹರದ ಗುಡಿ ನೋಡೋಣ, ಮದುವೆ ಮಾತು ಆಮೇಲೆ ಎಂದಿದ್ದರು. ಆ ‘ಆಮೇಲೆ’ ನೆನೆದು ನನಗೆ ಎರಡು ದಿನದಿಂದ ಸಮಾಧಾನವಿರಲಿಲ್ಲ.

ದೋಸೆ

ನಮ್ಮಲ್ಲೊಂದು ಪದ್ಧತಿ. ಒಂದು ಸಲ ಸಾಕು ಎಂದರೆ ಅದು ಸಂಕೋಚ, ಎರಡನೇ ಸಲ ಎಂದರೆ ಮರ್ಯಾದೆ. ಮೂರನೆಯದೇ ನಿಜವಾದ ಸಾಕು. ಅಲ್ಲಿಯವರೆಗೆ ಬಡಿಸುತ್ತಿರಬೇಕು.

ಹೋಟೆಲಿನಲ್ಲಿ ಹುಡುಗನ ತಂದೆ ಎರಡು ಬೆಣ್ಣೆ ದೋಸೆ ಮುಗಿಸಿ ಒಂದೇ ಸಲ ಸಾಕು ಎಂದರು. ನಾನು ಅವರ ಬೆನ್ನ ಹಿಂದಿನಿಂದ ಸಪ್ಲೈಯರಿಗೆ ಸನ್ನೆ ಮಾಡಿದೆ. ಮೂರನೆಯದು ಬಂತು, ತಿಂದರು. ನಾಲ್ಕನೆಯದು ಬಂತು, ಅದನ್ನೂ ತಿಂದರು. ಅವರೊಬ್ಬರನ್ನೇ ತಿನ್ನಲು ಬಿಡಬಾರದೆಂದು ನಾನೂ ತಿಂದೆ.

ಹೊರಗೆ ಬಂದಾಗ ಹೆಂಡತಿ ಕಿವಿಯಲ್ಲಿ, “ಮೈಸೂರಿನವ್ರು ಕಡಿಮಿ ತಿಂತಾರಂತ ಯಾರ್ರೀ ಹೇಳಿದ್ದು?” ಎಂದಳು.

ನೀರು

ಹರಿಹರದ ದಾರಿಯಲ್ಲಿ, ಬಾತಿ ಎಂಬ ಊರಿನಲ್ಲಿ ನನ್ನ ದೊಡ್ಡಮ್ಮನ ಮನೆ. ಬರೀ ನೀರು ಕುಡಿದು ಹೋಗ್ರಿ ಎಂದಿದ್ದಳು. ನೀರಿನ ಚೊಂಬಿನ ಹಿಂದೆಯೇ ಖಾರ ಮಂಡಕ್ಕಿ, ತಟ್ಟೆ ತುಂಬ ಮಿರ್ಚಿ ಬಜ್ಜಿ ಬಂದವು. ಹುಡುಗನ ತಾಯಿ ಒಮ್ಮೆ ಸಾಕು ಎಂದು, ಗಂಡನ ಮುಖ ನೋಡಿ ತಿನ್ನತೊಡಗಿದರು. ದೊಡ್ಡಮ್ಮನಿಗೆ ಹಿಗ್ಗೋ ಹಿಗ್ಗು.

“ಭಾಳ ಒಳ್ಳೆ ಮಂದಿ. ವಾಪಸ್ ಬರೋವಾಗ ಊಟ ಮಾಡ್ಕೊಂಡೇ ಹೋಗ್ರಿ” ಎಂದು ಅಪ್ಪಣೆ ಕೊಟ್ಟಳು.

ಬಾತಿಯಿಂದ ಹರಿಹರದವರೆಗೆ ಹುಡುಗನ ತಂದೆ ಕಾರಿನ ಕಿಟಕಿಯತ್ತ ಮುಖ ತಿರುಗಿಸಿ ತೇಗುತ್ತಲೇ ಇದ್ದರು. ಸಂಬಂಧ ಕೈತಪ್ಪಿತು ಎಂದುಕೊಂಡೆ. ದೇವರೇ ದಾರಿ ತೋರಿಸಪ್ಪಾ ಎಂದು ಬೇಡಿದರೆ ನನಗೂ ಬಂದದ್ದು ತೇಗು ಮಾತ್ರ.

ಮಾತ್ರೆ

ಗುಡಿಯ ಚರಿತ್ರೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಲಕ್ಕೆ ಹರ, ಎಡಕ್ಕೆ ಹರಿ ಎನ್ನುವಷ್ಟರಲ್ಲಿ ಎದೆ ಉರಿಯತೊಡಗಿತು. ಹೆಂಡತಿ, ಮಗಳು, ನೆಂಟರು ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ಫೋನ್ ಬಂತೆಂದು ಸುಳ್ಳು ಹೇಳಿ, ಗುಡಿಗೆ ಒಂದು ಸುತ್ತು ಹಾಕಿದೆ. ಉರಿ ತಗ್ಗಲಿಲ್ಲ. ಕೊನೆಗೆ ಹೊರಗಿನ ಔಷಧಿ ಅಂಗಡಿಗೆ ಹೋದೆ. ಅಲ್ಲಿ ಹುಡುಗನ ತಂದೆ ನಿಂತಿದ್ದರು, ಕೈಯಲ್ಲಿ ಎದೆಯುರಿಯ ಮಾತ್ರೆ.

“ಬೇಡ ಅಂದ್ರೆ ಗಂಡಿನ ಕಡೆಯವರಿಗೆ ಜಂಬ ಅಂದ್ಕೋತೀರಿ ಅಂತ ತಿಂದ್ವಿ. ಮೂರು ಸಲ ಹೇಳ್ಬೇಕು ಅಂತ ಈಗ ಕಟ್ಟೆ ಮೇಲೆ ಸೊಸೆ ಹೇಳಿದ್ಲು. ಮೊದಲೇ ಹೇಳಬಾರದಾ?” ಎಂದರು.

ಸೊಸೆ ಎಂದರಲ್ಲ, ಮಾತ್ರೆ ನುಂಗುವ ಮೊದಲೇ ನನ್ನ ಉರಿ ಅರ್ಧ ಇಳಿಯಿತು. ಇಬ್ಬರೂ ಹಂಚಿಕೊಂಡು ನುಂಗಿದೆವು.

ಅಷ್ಟರಲ್ಲಿ ದೊಡ್ಡಮ್ಮನ ಫೋನು. ಹೋಳಿಗೆ ಆರುತ್ತಿದೆಯಂತೆ. ಬೀಗರು ಫೋನು ಇಸಿದುಕೊಂಡು, ಈಗ ಪದ್ಧತಿ ಗೊತ್ತಾಯಿತೆಂಬ ಧೈರ್ಯದಲ್ಲಿ, ಸಾಕು ತಾಯಿ ಎಂದು ನಿಧಾನವಾಗಿ ಮೂರು ಸಲ ಹೇಳಿದರು.

“ಫೋನಿನಾಗ ಹೇಳಿದ್ದು ಲೆಕ್ಕಕ್ಕಿಲ್ರಿ. ಎಲೆ ಮುಂದೆ ಕೂತು ಹೇಳ್ರಿ” ಎಂದಳು ದೊಡ್ಡಮ್ಮ.

ಬೀಗರು ಫೋನು ನನ್ನ ಕೈಗಿಟ್ಟು, ಅಂಗಡಿಯವನಿಂದ ಇನ್ನೊಂದು ಪಟ್ಟಿ ಮಾತ್ರೆ ಕೇಳಿದರು.