ಕಿತ್ತಳೆ ಎಣ್ಣೆಗೆ ಕರಗಿದ ವರ

ಫಿನೈಲ್ ಎಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು ನಾನು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೊನೀನ್, ಜೊತೆಗೆ ಚೂರು ಸಿಟ್ರಾಲ್. ಎರಡೂ ಸೇರಿ ಕ್ರಿಮಿಗಳ ಮೈಹೊದಿಕೆಯನ್ನೇ ಹರಿದು ಹಾಕುತ್ತವೆ ಎಂದು ಬಲ್ಲವನು. ಹೀಗಾಗಿ ಹೆಂಡತಿ ಶಾರದಾಳ ತಂಗಿ ವೀಣಾಳ ನಿಶ್ಚಿತಾರ್ಥಕ್ಕೆ ಬಾಣಸವಾಡಿಯ ಮಾವನ ಮನೆಯಲ್ಲಿ ತಯಾರಿ ನಡೆದಾಗ, ಶುಚಿತ್ವದ ಖಾತೆಯನ್ನು ನಾನೇ ವಹಿಸಿಕೊಂಡೆ.

ನಿಶ್ಚಿತಾರ್ಥದ ಹಾಲ್ ಎಂದರೆ ಹಳೆಯ ದನದ ಕೊಟ್ಟಿಗೆ. ಜಮೀನೆಲ್ಲ ಸೈಟುಗಳಾದ ಮೇಲೆ ಮಾವ ಅದಕ್ಕೆ ಮೊಸಾಯಿಕ್ ಹಾಕಿಸಿದ್ದರು. ಹಸುಗಳು ಹೋಗಿದ್ದವು, ವಾಸನೆ ಮಾತ್ರ ಜಾಗ ಖಾಲಿ ಮಾಡಿರಲಿಲ್ಲ. ಬರುವವರೋ ಇಂದಿರಾನಗರದ ಸಿರಿವಂತ ಬೀಗರು.

"ಎರಡ್ ಬಾಟ್ಲು ಫಿನೈಲ್ ಸುರುದ್ರೆ ಆಯ್ತು ಬಿಡಿ ಅಳಿಯಂದ್ರೆ" ಎಂದರು ಮಾವ.

"ಆಸ್ಪತ್ರೆ ವಾಸ್ನೆ ಬರುತ್ತೆ ಮಾವ. ನನಗೆ ಬಿಡಿ."

ಶಾರದಾ ಆಗಲೇ ಹಣೆ ಚಚ್ಚಿಕೊಂಡಳು.

ಕಮ್ಮನಹಳ್ಳಿಯ ಜ್ಯೂಸ್ ಅಂಗಡಿಯಿಂದ ಒಂದು ಮೂಟೆ ಸಿಪ್ಪೆ ತಂದೆ. ಅದನ್ನು ಶಾರದಾಳ ಕುಕ್ಕರಿನಲ್ಲಿ ನೀರು ಹಾಕಿ ಕುದಿಯಲಿಟ್ಟು, ವೆಯ್ಟ್ ತೆಗೆದು ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹಾಯಿಸಿ, ಎಣ್ಣೆಯನ್ನು ಹನಿಹನಿಯಾಗಿ ಇಳಿಸಿದೆ. ಆ ವಾರವೆಲ್ಲ ನಮ್ಮ ಮನೆಯ ಸಾರಿಗೂ ಕಿತ್ತಳೆಯದೇ ರುಚಿ.

ನಿಶ್ಚಿತಾರ್ಥದ ಬೆಳಿಗ್ಗೆ ನೀರಿಗೆ ಎಣ್ಣೆ ಬೆರೆಸಿ ನೆಲ ಒರೆಸಿದೆ. ಕೊಟ್ಟಿಗೆ ವಾಸನೆ ಮಂಗಮಾಯ! ಮಾವ ಮೂಗರಳಿಸಿ, "ನೀವು ಓದಿದ್ದಕ್ಕೂ ಸಾರ್ಥಕ ಆಯ್ತು" ಎಂದರು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಗೋಡೆಗೆ ಕಟ್ಟಿದ ನೀಲಿ ಬಟ್ಟೆಯ ಮೇಲೆ ವೀಣಾ ತನ್ನ ಕೈಯಾರೆ ಕತ್ತರಿಸಿದ ಥರ್ಮೋಕೋಲ್ ಅಕ್ಷರಗಳಿದ್ದವು. ಮೇಲೆ ವೀಣಾ, ಕೆಳಗೆ ಮಂಜುನಾಥ. ಬೀಗರ ವ್ಯಾನು ಬಾಗಿಲಿಗೆ ಬಂದಾಗ ನೋಡುತ್ತೇನೆ, ವರನ ಹೆಸರಿನ ಮೇಲೆ ಒಂದು ನೊಣ. ಮನೆಯ ಹಿರಿಯ ಅಳಿಯ ಸುಮ್ಮನಿರಲಾದೀತೆ? ಸ್ಪ್ರೇ ಬಾಟಲಿಯಲ್ಲಿದ್ದ ಅಪ್ಪಟ ಎಣ್ಣೆಯನ್ನು ಧಾರಾಳವಾಗಿ ಹೊಡೆದೆ. ನೊಣ ಹಾರಿಹೋಯಿತು. ಮಂಜುನಾಥ ಕರಗತೊಡಗಿದ.

ಬೀಗರು ಒಳಗೆ ಬರುವಷ್ಟರಲ್ಲಿ ಅಕ್ಷರಗಳು ಕುಗ್ಗಿ, ಅಂಟಾಗಿ, ಬಟ್ಟೆಯ ಮೇಲೆ ಜಾರುತ್ತಿದ್ದವು. ಹುಡುಗನ ತಾಯಿ ಹೊಸಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು? ನಮ್ ಹುಡ್ಗನ ಹೆಸ್ರೇ ಅಳಿಸ್ಹೋಗ್ತಿದೆ. ಅಪಶಕುನ. ನಡೀರಿ, ಇನ್ನೊಂದ್ ಸಲ ಯೋಚ್ನೆ ಮಾಡೋಣ."

ವೀಣಾಳ ಕಣ್ಣು ತುಂಬಿತು.

"ಶಕುನ ಅಲ್ಲಮ್ಮ, ಕೆಮಿಸ್ಟ್ರಿ" ಎಂದು ನಾನು ಮುಂದೆ ಬಂದೆ. "ಈ ಎಣ್ಣೇಲಿರೋ ಲಿಮೊನೀನ್ ಥರ್ಮೋಕೋಲನ್ನ ಕರಗಿಸುತ್ತೆ." ಇದು ನಾನು ಪ್ರತಿ ವರ್ಷ ಪಾಠ ಮಾಡುವ ವಿಷಯ. ನೆನಪಾದದ್ದು ಮಾತ್ರ ಆ ಗಳಿಗೆಯಲ್ಲಿ.

"ಹಂಗಾದ್ರೆ ಹುಡ್ಗಿ ಹೆಸ್ರು ಯಾಕೆ ಕರಗಿಲ್ಲ?"

ನ್ಯಾಯವಾದ ಪ್ರಶ್ನೆ. ಮೇಷ್ಟರಾದವರು ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರಿಸಬೇಕು. "ಬೇಡ್ರೀ!" ಎಂದು ಶಾರದಾ ಓಡಿ ಬರುವಷ್ಟರಲ್ಲಿ ವೀಣಾಳ ಹೆಸರಿಗೂ ಹೊಡೆದಿದ್ದೆ. ಅದೂ ಕರಗಿ, ನಿಧಾನವಾಗಿ ಇಳಿದು, ಮಂಜುನಾಥನ ಮೇಲೆ ಕೂತು ಒಂದೇ ಮುದ್ದೆಯಾಯಿತು.

ಹುಡುಗನ ತಾಯಿ ಆ ಮುದ್ದೆಯನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು.

"ಎರಡೂ ಅಂಟ್ಕೊಂಡ್ವು. ಇನ್ಯಾರಿಗ್ ಬಿಡಿಸೋಕಾಗುತ್ತೆ? ತಟ್ಟೆ ತನ್ನಿ, ಶಾಸ್ತ್ರ ಶುರು ಮಾಡೋಣ."

ರೋಲ್ ತೊಳೆಸಿ ಬಂದ ಫೋಟೋಗಳಲ್ಲೆಲ್ಲ ಜೋಡಿಯ ಹಿಂದೆ ಆ ಬಿಳಿ ಮುದ್ದೆಯಿದೆ. ಮದುವೆಯ ದಿನ ನನಗೆ ಯಾವ ಕೆಲಸವನ್ನೂ ಒಪ್ಪಿಸಲಿಲ್ಲ. ಊಟಕ್ಕೆ ಕೂತಾಗ ಚಿತ್ರಾನ್ನದ ಬೇಸಿನ್ ಬಂತು. ಮಾವ ಬಡಿಸುವವನ ಕೈ ಹಿಡಿದು ಹೇಳಿದರು:

"ನಮ್ಮ ಅಳಿಯಂದ್ರ ಎಲೆ ದಾಟಿಸಪ್ಪ, ಅದ್ರಲ್ಲಿ ನಿಂಬೆಹಣ್ಣಿದೆ."